ಪ್ಲೇಗಿನ ಮದ್ದನ್ನು ಮಾಡಿದ ಹಾಫ್ಕಿನ್‌ರವರ ಜೀವಿತ

ನಮ್ಮ ಕನ್ನಡ ಸೀಮೆಯ ಕೆಲವು ಊರುಗಳಲ್ಲಿ ಪ್ಲೇಗಮ್ಮನ ಹೆಸರಿನ ಗುಡಿಗಳು ಇಂದಿಗೂ ನಿಂತಿವೆ. ಮನೆಯಲ್ಲಿ ಇಲಿ ಬಿದ್ದರೆ ಊರನ್ನೇ ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ತಿಂಗಳುಗಟ್ಟಲೆ ಅಲ್ಲಿಯೇ ವಾಸಿಸುತ್ತಿದ್ದ ಕಾಲದ ಮಾತನ್ನು ಅಜ್ಜ ಅಜ್ಜಿಯರಿಂದ ಕೇಳಿದವರು ನಮ್ಮ ವಾಚಕರಲ್ಲಿ ಅನೇಕರಿರಬಹುದು. 1896 ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ವ್ಯಾಧಿಯು ಮುಂದಿನ ಕೆಲವು ದಶಕಗಳಲ್ಲಿ ಈ ದೇಶದ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಅದಕ್ಕೆ ಎದುರಾಗಿ ಮೊದಲನೆಯ ಚುಚ್ಚುಮದ್ದನ್ನು ಸಿದ್ಧಮಾಡಿದವರು ವಾಲ್ಡೆಮಾರ್ ಹಾಫ್ಕಿನ್ ಎಂಬವರು. ಅವರ ಹೆಸರು ಮುಂಬಯಿಯ ಒಂದು ಸಂಸ್ಥೆಗೆ ಇದ್ದರೂ ಅವರ ಜೀವಿತವನ್ನು ಬಲ್ಲವರು ಕಡಿಮೆ. ಮದ್ದನ್ನು ಮಾಡುವದು ಒಂದು ಕೆಲಸ, ಹೆದರಿದ ಜನರು ಅದನ್ನು ನಂಬುವಂತೆ ಮಾಡುವದು ಮತ್ತೊಂದು ಕೆಲಸ. ಈ ಎರಡನೆಯದು ಎಷ್ಟು ಕಷ್ಟಕರವಾದದ್ದು, ಎಷ್ಟು ಬೇಗ ಕೆಟ್ಟುಹೋಗತಕ್ಕದ್ದು ಎಂಬದನ್ನು ಅವರ ಚರಿತ್ರೆಯಿಂದ ನಾವು ಚೆನ್ನಾಗಿ ತಿಳುಕೊಳ್ಳಬಹುದು.

ಹಾಫ್ಕಿನ್‌ರವರು 1860 ನೇ ಇಸವಿ ಮಾರ್ಚ್ 15 ರಂದು, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ಎಂಬ ಕಡಲತೀರದ ಪಟ್ಟಣದಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದರು. ಈಗ ಆ ಪಟ್ಟಣವು ಉಕ್ರೇನ್ ದೇಶದಲ್ಲಿದೆ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರವನ್ನು ಕಲಿತರು. ಮೆಚ್ನಿಕಾಫ್ ಎಂಬ ಪ್ರಸಿದ್ಧ ವಿದ್ವಾಂಸರು ಅವರಿಗೆ ಗುರುಗಳಾಗಿದ್ದರು. ಆ ಕಾಲದಲ್ಲಿ ರಷ್ಯಾದ ಯೆಹೂದ್ಯರು ಬಹಳ ಹಿಂಸೆಗೆ ಗುರಿಯಾಗಿದ್ದರು. ಎಷ್ಟು ಕಲಿತವನಾದರೂ ಯೆಹೂದ್ಯನಿಗೆ ದೊಡ್ಡ ಉದ್ಯೋಗವು ದೊರಕುತ್ತಿದ್ದಿಲ್ಲ. ರಾಜ್ಯದ ಮತಕ್ಕೆ ಸೇರಿದರೆ ಉಪಾಧ್ಯಾಯ ಪದವಿಯು ಸಿಗುವದೆಂದು ಹಾಫ್ಕಿನ್‌ರವರಿಗೆ ತಿಳಿಸಲ್ಪಟ್ಟಾಗ ಅವರು ಒಪ್ಪಲಿಲ್ಲ. ಉದ್ಯೋಗಕ್ಕಾಗಿ ನಂಬಿಕೆಯನ್ನು ಬದಲಿಸುವದು ಅವರಿಗೆ ಯೋಗ್ಯವೆಂದು ತೋರಲಿಲ್ಲ. ಆಮಿಷಕ್ಕೆ ಮಣಿಯದ ಆ ಮನಸ್ಸನ್ನು ಯಾವ ಮತದವರಾದರೂ ಗೌರವಿಸತಕ್ಕದ್ದೆಂದು ನಾವು ನೆನಸುತ್ತೇವೆ. ಇದಲ್ಲದೆ ಅವರು ಅರಸನ ಆಳಿಕೆಯನ್ನು ವಿರೋಧಿಸುವ ತರುಣರ ಸಂಗಡ ಇದ್ದುದರಿಂದ ಸೆರೆಯನ್ನೂ ಕಂಡಿದ್ದರು. ಕಡೆಗೆ 1888 ರಲ್ಲಿ ಸ್ವದೇಶವನ್ನು ಬಿಟ್ಟು ಜಿನೇವಾ ಪಟ್ಟಣಕ್ಕೂ, ಮರುವರುಷ ಪ್ಯಾರಿಸಿಗೂ ಹೋದರು.

ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್‌ರವರ ಸಂಸ್ಥೆಯಿತ್ತು. ಅಲ್ಲಿ ಹಾಫ್ಕಿನ್‌ರವರಿಗೆ ಮೊದಲು ಸಿಕ್ಕಿದ್ದು ಪುಸ್ತಕಭಂಡಾರದಲ್ಲಿನ ಚಿಕ್ಕ ಕೆಲಸವೇ. ಪುಸ್ತಕಗಳನ್ನು ನೋಡಿಕೊಂಡು ಉಳಿದ ಹೊತ್ತಿನಲ್ಲಿ ಅವರು ವಾಂತಿಭೇದಿಯ, ಅಂದರೆ ಕಾಲರಾದ, ಕ್ರಿಮಿಗಳನ್ನು ಪರೀಕ್ಷಿಸುತ್ತಿದ್ದರು. ಆ ಕ್ರಿಮಿಗಳನ್ನು ಬಲಹೀನ ಮಾಡಿ ಮೈಯೊಳಗೆ ಸೇರಿಸಿದರೆ, ಮುಂದೆ ನಿಜವಾದ ರೋಗವು ಬಂದಾಗ ಶರೀರವು ಅದನ್ನು ಎದುರಿಸಬಲ್ಲದೆಂದು ಅವರು ಪ್ರಾಣಿಗಳಲ್ಲಿ ಪರೀಕ್ಷೆಮಾಡಿ ಕಂಡುಕೊಂಡರು. ಇದು ಹೇಗೆಂದರೆ, ಕಳ್ಳನ ಮುಖವನ್ನು ಒಮ್ಮೆ ಕಂಡಿದ್ದ ಕಾವಲುಗಾರನು ಕತ್ತಲೆಯಲ್ಲಿಯೂ ಅವನನ್ನು ಗುರುತಿಸಿ ಹಿಡಿಯುವ ಹಾಗೆ. ಆದರೆ ಪ್ರಾಣಿಗಳಿಗೆ ಆದದ್ದು ಮನುಷ್ಯರಿಗೆ ಆಗುವದೋ ಇಲ್ಲವೋ ಎಂದು ಯಾರಿಗೆ ಗೊತ್ತು? 1892 ನೇ ಜುಲೈ 18 ರಂದು ಹಾಫ್ಕಿನ್‌ರವರು ಆ ಮದ್ದನ್ನು ತಮ್ಮ ಸ್ವಂತ ಮೈಗೆ ಚುಚ್ಚಿಸಿಕೊಂಡರು. ಜ್ವರ ಬಂತು, ನೋವು ಬಂತು, ಬಳಿಕ ಎರಡೂ ಬಿಟ್ಟವು. ತರುವಾಯ ಅವರ ಸ್ನೇಹಿತರಲ್ಲಿ ಕೆಲವರು ತಾವಾಗಿಯೇ ಮುಂದೆ ಬಂದು ಮದ್ದನ್ನು ಹಾಕಿಸಿಕೊಂಡರು.

ವಾಂತಿಭೇದಿಯು ಬಹಳವಾಗಿ ಹರಡಿದ್ದ ದೇಶದಲ್ಲಿ ಆ ಮದ್ದಿನ ಗುಣವನ್ನು ನೋಡಬೇಕಾಗಿತ್ತು. ಹಿಂದೆ ಭಾರತದ ವೈಸರಾಯರಾಗಿದ್ದ ಲಾರ್ಡ್ ಡಫರಿನ್‌ರವರು ಆಗ ಪ್ಯಾರಿಸಿನಲ್ಲಿ ಬ್ರಿಟಿಷ್ ರಾಯಭಾರಿಗಳಾಗಿದ್ದು, ಹಾಫ್ಕಿನ್‌ರವರು ಭಾರತಕ್ಕೆ ಹೋಗುವಂತೆ ಸಹಾಯಮಾಡಿದರು. ಹೀಗೆ ಅವರು 1893 ರ ಮಾರ್ಚ್ ತಿಂಗಳಲ್ಲಿ ಕಲ್ಕತ್ತೆಗೆ ಬಂದರು. ಆಗ ಅವರ ವಯಸ್ಸು 33. ಇಲ್ಲಿನ ಸರಕಾರೀ ವೈದ್ಯರಲ್ಲಿ ಅನೇಕರು ಅವರನ್ನು ಸಂಶಯದಿಂದ ನೋಡಿದರು. ಯಾಕಂದರೆ ಅವರು ವೈದ್ಯಪರೀಕ್ಷೆ ಕೊಟ್ಟವರಲ್ಲ, ಇಂಗ್ಲಿಷರಲ್ಲ, ಅದರ ಮೇಲೆ ರಷ್ಯಾ ದೇಶದಿಂದ ಬಂದವರು. ಜನರ ಸಂಶಯವಾದರೋ ಇನ್ನೂ ಹೆಚ್ಚಿನದಾಗಿತ್ತು. ಸೌಖ್ಯವಾಗಿರುವವನ ಮೈಗೆ ಸೂಜಿ ಚುಚ್ಚಿ ಜ್ವರ ಬರಿಸುವ ಪರದೇಶಿಯನ್ನು ಬಡವನು ಯಾತಕ್ಕೆ ನಂಬಬೇಕು?

ಆದರೂ ಹಾಫ್ಕಿನ್‌ರವರು ಎದೆಗುಂದಲಿಲ್ಲ. ಆಗ್ರಾದಿಂದ ಆರಂಭಿಸಿ ಉತ್ತರ ದೇಶದ ಅನೇಕ ಪಟ್ಟಣಗಳನ್ನೂ ದಂಡುಗಳನ್ನೂ ಸೆರೆಮನೆಗಳನ್ನೂ ತಿರುಗಿ, ಎರಡು ವರುಷಗಳೊಳಗೆ 40 ಸಾವಿರಕ್ಕೂ ಹೆಚ್ಚು ಜನರಿಗೆ ಮದ್ದು ಹಾಕಿದರು. ಒಪ್ಪಿದವರಿಗೆ ಮಾತ್ರ ಹಾಕುವದೆಂಬ ಕಟ್ಟಳೆಯನ್ನು ಅವರು ತಮಗೆ ತಾವೇ ಇಟ್ಟುಕೊಂಡಿದ್ದರು. 1894 ರಲ್ಲಿ ಕಲ್ಕತ್ತೆಯ ಆರೋಗ್ಯಾಧಿಕಾರಿ ಡಾಕ್ಟರ್ ಸಿಂಪ್ಸನ್‌ರವರ ಬೇಡಿಕೆಯ ಮೇರೆಗೆ ಅಲ್ಲಿನ ಬಡವರ ಕೇರಿಗಳಲ್ಲಿ ಕೆಲಸ ನಡೆಯಿತು. ಕೇರಿಯ ಜನರು ಮೊದಲು ಕಲ್ಲೆಸೆದರೆಂದೂ, ಆಗ ಹಾಫ್ಕಿನ್‌ರವರು ಅವರೆಲ್ಲರ ಎದುರಿಗೆ ಅಂಗಿಯನ್ನು ಎತ್ತಿ ತಮಗೇ ಮದ್ದು ಚುಚ್ಚಿಸಿಕೊಂಡರೆಂದೂ ಅವರ ಜೀವಿತವನ್ನು ಬರೆದವರು ಹೇಳುತ್ತಾರೆ. ಕಟ್ಟಾಲ್ ಬಾಗಾನ್ ಎಂಬ ಕೇರಿಯಲ್ಲಿ ಸುಮಾರು 200 ಜನರಿದ್ದರು. ಅವರಲ್ಲಿ 116 ಮಂದಿ ಮದ್ದು ಹಾಕಿಸಿಕೊಂಡರು. ಬಳಿಕ ಆ ಕೇರಿಯಲ್ಲಿ ಕಾಲರಾದಿಂದ ಬಿದ್ದವರೆಲ್ಲರೂ ಹಾಕಿಸಿಕೊಳ್ಳದವರಾಗಿದ್ದರು. ಒಂದೇ ಕೆರೆಯ ನೀರು ಕುಡಿದು, ಒಂದೇ ಸೂರಿನ ಕೆಳಗೆ ಮಲಗುವ ಜನರಲ್ಲಿಯೇ ಈ ವ್ಯತ್ಯಾಸವು ಕಂಡುಬಂದದ್ದರಿಂದ ಅದು ಬಾಯಿಮಾತಿನ ಎಷ್ಟೋ ಉಪದೇಶಗಳಿಗಿಂತ ಬಲವಾದ ಸಾಕ್ಷಿಯಾಯಿತು.

1895 ರಲ್ಲಿ ಮಲೇರಿಯಾ ಜ್ವರದಿಂದ ಬಳಲಿ ಅವರು ಇಂಗ್ಲೆಂಡಿಗೆ ಹೋಗಬೇಕಾಯಿತು. ಮರುವರುಷ ತಿರಿಗಿ ಬಂದರು. ಅದೇ 1896 ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಎಂಬ ಕೇರಿಯಲ್ಲಿ ಡಾಕ್ಟರ್ ವಿಯೆಗಾಸ್‌ರವರು ಪ್ಲೇಗನ್ನು ಗುರುತಿಸಿದರು. ಬಂದರದ ಉಗ್ರಾಣಗಳಲ್ಲಿ ಮೊದಲು ಇಲಿಗಳು ಸತ್ತವು, ಆಮೇಲೆ ಮನುಷ್ಯರು ಬಿದ್ದರು. ತೊಡೆಯ ಸಂದಿನಲ್ಲಿಯೂ ಕಂಕುಳಲ್ಲಿಯೂ ಗಡ್ಡೆ ಎದ್ದು, ಉರಿಜ್ವರ ಬಂದು, ಕೆಲವೇ ದಿವಸಗಳೊಳಗೆ ಪ್ರಾಣವು ಹೋಗುತ್ತಿತ್ತು. ರೋಗದ ಕ್ರಿಮಿಯು 1894 ರಲ್ಲಿ ಹಾಂಗ್‌ಕಾಂಗಿನಲ್ಲಿಯೇ ಕಂಡುಬಂದಿತ್ತು. ಆದರೆ ಇಲಿಯ ಮೈಮೇಲಿನ ಚಿಗಟವು ಅದನ್ನು ಮನುಷ್ಯನಿಗೆ ತರುತ್ತದೆಂಬದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಸಿಮೋನ್ ಎಂಬ ಫ್ರೆಂಚ್ ವೈದ್ಯರು 1898 ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರು. ಆ ಮೊದಲು ಸರಕಾರದವರು ಕೊಳೆಯನ್ನೂ ಗಾಳಿಯನ್ನೂ ಮನುಷ್ಯರನ್ನೂ ಅನುಮಾನಿಸಿದರೇ ಹೊರತು ಚಿಗಟವನ್ನು ಅನುಮಾನಿಸಲಿಲ್ಲ.

ಜನರು ಮುಂಬಯಿಯನ್ನು ಬಿಟ್ಟು ಲಕ್ಷಗಟ್ಟಲೆಯಾಗಿ ಓಡಿದರು. ಓಡಿದವರ ಸಂಗಡ ರೋಗವೂ ರೈಲನ್ನು ಹತ್ತಿತು. 1897 ರ ಫೆಬ್ರವರಿ 4 ರಂದು ಸಾಂಕ್ರಾಮಿಕ ರೋಗಗಳ ಕಾನೂನು ಹುಟ್ಟಿತು. ಆ ಕಾನೂನಿನ ಬಲದಿಂದ ಅಧಿಕಾರಿಗಳು ಮನೆಗಳೊಳಗೆ ನುಗ್ಗಿ ಹುಡುಕಬಹುದಾಗಿತ್ತು. ರೋಗಿಗಳನ್ನು ಆಸ್ಪತ್ರೆಗೂ, ಅವರ ಮನೆಯವರನ್ನು ಬೇರೆ ಶಿಬಿರಗಳಿಗೂ ಒಯ್ಯಬಹುದಾಗಿತ್ತು. ಪುಣೆಯಲ್ಲಿ ಈ ಕೆಲಸಕ್ಕೆ ದಂಡಿನವರನ್ನು ಕಳುಹಿಸಿದರು. ಸಿಪಾಯಿಗಳು ಅಡಿಗೆಮನೆಯನ್ನೂ ದೇವರಮನೆಯನ್ನೂ ತುಳಿದರೆಂದು ಊರೆಲ್ಲಾ ರೋಷದಿಂದ ತುಂಬಿತು. ಜನರು ರೋಗಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ಹೀಗೆ ಬಲಾತ್ಕಾರವು ರೋಗವನ್ನು ಓಡಿಸುವದಕ್ಕೆ ಬದಲಾಗಿ ಕಣ್ಣಿಗೆ ಮರೆಮಾಡಿತು. ಜೂನ್ 22 ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡ್ ಎಂಬವರಿಗೆ ಗುಂಡಿನ ಏಟು ಬಿದ್ದು ಕೆಲವು ದಿವಸಗಳ ಮೇಲೆ ಅವರು ತೀರಿಕೊಂಡರು. ಅದೇ ವರುಷದ ಮಾರ್ಚ್ 10 ರಂದು, ಹೆಣ್ಣುಮಕ್ಕಳ ವಿದ್ಯೆಗಾಗಿ ಪ್ರಯಾಸಪಟ್ಟ ಸಾವಿತ್ರೀಬಾಯಿ ಫುಲೆಯವರು ಪುಣೆಯ ಬಳಿ ರೋಗಿಗಳ ಸೇವೆಮಾಡುತ್ತಾ ತಾವೇ ಪ್ಲೇಗಿನಿಂದ ಸತ್ತರೆಂಬದನ್ನೂ ನಾವು ಇಲ್ಲಿ ನೆನಸತಕ್ಕದ್ದು.

ಇಂಥಾ ಕಾಲದಲ್ಲಿ ಹಾಫ್ಕಿನ್‌ರವರು ಸರಕಾರದ ಕರೆಯಂತೆ 1896 ರ ಅಕ್ಟೋಬರ್ ತಿಂಗಳ ಮೊದಲಲ್ಲಿ ಮುಂಬಯಿಗೆ ಬಂದಿದ್ದರು. ಅವರಿಗೆ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಕೋಣೆಯನ್ನೂ ಅದರ ಪಡಸಾಲೆಯನ್ನೂ ಕೊಟ್ಟರು. ಸಹಾಯಕ್ಕೆ ಒಬ್ಬ ಗುಮಾಸ್ತನೂ ಮೂವರು ಆಳುಗಳೂ ಇದ್ದರು. ಇಷ್ಟೇ ಅವರ ಸೈನ್ಯ. ಮಾಂಸದ ಸಾರಿನಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬೆಳೆಯಿಸಿ, ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಸಿ, ಅವುಗಳಿಂದ ಕ್ರಿಮಿಗಳು ಕೆಳಗೆ ಎಳೆಎಳೆಯಾಗಿ ಜೋಲುವಂತೆ ಮಾಡುವ ಉಪಾಯವನ್ನು ಅವರು ಕಂಡುಹಿಡಿದರು. ಹಿಂದುಗಳಿಗೂ ಮುಸಲ್ಮಾನರಿಗೂ ಮನಸ್ಸು ನೋಯಬಾರದೆಂದು ದನದ ಮತ್ತು ಹಂದಿಯ ಮಾಂಸವನ್ನು ಬಿಟ್ಟು ಆಡಿನ ಮಾಂಸವನ್ನು ಉಪಯೋಗಿಸಿದರು. ಬೆಳೆದ ಕ್ರಿಮಿಗಳನ್ನು ಕಾವಿನಿಂದ ಕೊಂದು, ಸತ್ತ ಆ ಕ್ರಿಮಿಗಳನ್ನೇ ಮದ್ದಾಗಿ ಮಾಡಿದರು. ಮೂರು ತಿಂಗಳೊಳಗೆ ಅದು ಸಿದ್ಧವಾಯಿತು. 1897 ರ ಜನವರಿ 10 ರಂದು ಅವರು ಪುನಃ ಮೊದಲು ತಮ್ಮ ಮೈಗೇ ಅದನ್ನು ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಹಾಕತಕ್ಕ ಪ್ರಮಾಣಕ್ಕಿಂತಲೂ ಹೆಚ್ಚಾಗಿ ಹಾಕಿಸಿಕೊಂಡು, ಜ್ವರವನ್ನೂ ನೋವನ್ನೂ ಸಹಿಸಿದರು.

ಅದೇ ತಿಂಗಳ ಕೊನೆಯಲ್ಲಿ ಬೈಕಳಾದ ಸೆರೆಮನೆಯೊಳಗೆ ಪ್ಲೇಗು ಹೊಕ್ಕಿತು. ಅಲ್ಲಿನ ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನರು ತಾವಾಗಿ ಮದ್ದು ಹಾಕಿಸಿಕೊಂಡರು. ಆ ದಿವಸವೇ ರೋಗವು ಕಾಣಿಸಿಕೊಂಡವರನ್ನು ಬಿಟ್ಟು ಲೆಕ್ಕ ಹಿಡಿದಾಗ, ಹಾಕಿಸಿಕೊಳ್ಳದವರಲ್ಲಿ 12 ಮಂದಿ ಬಿದ್ದು 6 ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ ಇಬ್ಬರು ಮಾತ್ರ ಬಿದ್ದರು, ಅವರಿಬ್ಬರೂ ಬದುಕಿದರು. ಹಾಕಿಸಿಕೊಂಡವರನ್ನು ಮಾತ್ರ ಎಣಿಸಿ ಹೊಗಳಿಕೊಳ್ಳುವದು ಸುಲಭ. ಹಾಕಿಸಿಕೊಳ್ಳದವರನ್ನೂ ಪಕ್ಕದಲ್ಲಿ ಇಟ್ಟು ಎಣಿಸುವದೇ ಸತ್ಯವಂತನ ಲೆಕ್ಕ. ಹಾಫ್ಕಿನ್‌ರವರು ಎಲ್ಲಾ ಕಡೆಗಳಲ್ಲಿಯೂ ಹೀಗೆಯೇ ಎಣಿಸಿದರು. ಮದ್ದು ಹಾಕಿಸಿಕೊಂಡವನಿಗೆ ರೋಗವು ಎಂದಿಗೂ ಬಾರದೆಂದು ಅವರು ಹೇಳಲಿಲ್ಲ. ರೋಗ ಬರುವದು ಕಡಿಮೆ, ಬಂದರೆ ಸಾಯುವದು ಇನ್ನೂ ಕಡಿಮೆ ಎಂದು ಕಂಡಷ್ಟನ್ನೇ ತಿಳಿಸಿದರು.

ಜನರ ಭಯವನ್ನು ಬಿಡಿಸುವದರಲ್ಲಿ ಅವರವರ ಮುಖ್ಯಸ್ಥರ ನಡತೆಯು ಬಹು ಪ್ರಯೋಜನಕರವಾಯಿತು. ಖೋಜಾ ಮುಸಲ್ಮಾನರ ಗುರುಗಳಾದ ಆಗಾಖಾನರು ಆಗ 20 ವರುಷದ ತರುಣರು. ಅವರು ತಮ್ಮ ಜನರ ಎದುರಿಗೆ ತಾವೇ ಮೊದಲು ಮದ್ದು ಹಾಕಿಸಿಕೊಂಡದ್ದಲ್ಲದೆ, ಮದ್ದಿನ ಕೆಲಸಕ್ಕೆ ತಮ್ಮದೊಂದು ಬಂಗಲೆಯನ್ನೂ ಬಿಟ್ಟುಕೊಟ್ಟರು. ಅವರನ್ನು ನೋಡಿ ಸಾವಿರಾರು ಖೋಜಾ ಜನರು ಮುಂದೆ ಬಂದರು. 1899 ರ ಆಗಸ್ಟ್ ತಿಂಗಳಲ್ಲಿ ಆ ಕಾರ್ಯಾಲಯವು ಪರೇಲಿನಲ್ಲಿ ಹಿಂದೆ ಗವರ್ನರರು ವಾಸಿಸುತ್ತಿದ್ದ ಹಳೆಯ ಅರಮನೆಗೆ ಹೋಯಿತು. ಅಲ್ಲಿಂದ ಮದ್ದಿನ ಸೀಸೆಗಳು ದೇಶದ ಎಲ್ಲಾ ಭಾಗಗಳಿಗೂ ಹೊರಟವು.

ಈ ಚರಿತ್ರೆಯಲ್ಲಿ ನಮ್ಮ ಹುಬ್ಬಳ್ಳಿಗೂ ಒಂದು ಸ್ಥಾನವಿದೆ. 1898 ರಲ್ಲಿ ಅಲ್ಲಿ ಪ್ಲೇಗು ಉಗ್ರವಾದಾಗ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯರು ಹಾಫ್ಕಿನ್‌ರವರ ಮದ್ದನ್ನು ತರಿಸಿ ಮೇ ತಿಂಗಳಿನಿಂದ ಸೆಪ್ಟೆಂಬರದ ತನಕ ಸುಮಾರು 38 ಸಾವಿರ ಜನರಿಗೆ ಹಾಕಿದರು. ಊರಲ್ಲಿ ಉಳಿದಿದ್ದವರಲ್ಲಿ ಹಾಕಿಸಿಕೊಳ್ಳದವರು ಕಡೆಗೆ ಕೆಲವು ನೂರು ಮಂದಿ ಮಾತ್ರ. ಅಷ್ಟು ದೊಡ್ಡ ಪಟ್ಟಣವೊಂದರ ಬಹುಮಟ್ಟಿಗೆ ಎಲ್ಲಾ ಜನರಿಗೂ ಪ್ಲೇಗಿನ ಮದ್ದು ಬಿದ್ದ ಉದಾಹರಣೆಗಳಲ್ಲಿ ಇದು ಬಹಳ ಪ್ರಸಿದ್ಧವಾಗಿ ಬೇರೆ ದೇಶಗಳ ವೈದ್ಯರೂ ಇದನ್ನು ಓದಿದರು. ಆದರೆ ಎಲ್ಲರೂ ಬರೀ ಮನಸ್ಸಿನಿಂದಲೇ ಬಂದರೆಂದು ಹೇಳಕೂಡದು. ಆಗ ಮುಂಬಯಿ ಇಲಾಖೆಯಲ್ಲಿ ಮದ್ದು ಹಾಕಿಸಿಕೊಂಡವರಿಗೆ ಒಂದು ಚೀಟಿಯನ್ನು ಕೊಡುತ್ತಿದ್ದರು. ಆ ಚೀಟಿಯಿದ್ದವರಿಗೆ ಶಿಬಿರದ ಕಟ್ಟಳೆಗಳಿಂದ ಸಡಿಲಿಕೆಯಿತ್ತು. ಶಿಬಿರದ ಹೆದರಿಕೆಯೂ ಸೂಜಿಯ ಕಡೆಗೆ ಕೆಲವರನ್ನು ತಳ್ಳಿತು. ಅದೇ ವರುಷದ ಆಗಸ್ಟಿನಲ್ಲಿ ರೋಗವು ಬೆಂಗಳೂರನ್ನು ಮುಟ್ಟಿತು. ಇಕ್ಕಟ್ಟಾದ ಹಳೇ ಪೇಟೆಯ ಹೊರಗೆ ಬಸವನಗುಡಿ, ಮಲ್ಲೇಶ್ವರ ಎಂಬ ವಿಸ್ತಾರವಾದ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲಿಯೇ.

ಇನ್ನು ಹಾಫ್ಕಿನ್‌ರವರ ಜೀವಿತದ ದುಃಖಕರವಾದ ಭಾಗಕ್ಕೆ ಬರುತ್ತೇವೆ. 1902 ರಲ್ಲಿ ಪಂಜಾಬದ ಸರಕಾರದವರು ಲಕ್ಷಾಂತರ ಜನರಿಗೆ ಮದ್ದು ಹಾಕಬೇಕೆಂದು ನಿಶ್ಚಯಿಸಿದರು. ಅಕ್ಟೋಬರ್ 30 ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿ ಹಾಕಿಸಿಕೊಂಡರು. ಆ ದಿವಸ ಐದು ಸೀಸೆಗಳನ್ನು ತೆರೆದಿದ್ದರು. ಅವುಗಳಲ್ಲಿ ಒಂದೇ ಸೀಸೆಯಿಂದ ಮದ್ದು ಪಡೆದ 19 ಮಂದಿಯೂ ಧನುರ್ವಾಯುವಿನಿಂದ ಸತ್ತರು. ರೋಗದಿಂದ ತಪ್ಪಿಸಿಕೊಳ್ಳಬೇಕೆಂದು ನಂಬಿ ಕೈನೀಡಿದವರಿಗೆ ಆ ಕೈಯಿಂದಲೇ ಮರಣವು ಬಂತು. ಆ 19 ಮನೆಗಳ ದುಃಖವನ್ನು ಯಾರು ವರ್ಣಿಸಬಲ್ಲರು?

ತಪ್ಪು ಯಾರದು? ವಿಚಾರಣೆಯವರು ಪರೇಲಿನಲ್ಲಿಯೇ ಸೀಸೆಯು ಕೆಟ್ಟಿತ್ತೆಂದು ನೆನಸಿ, ಮದ್ದನ್ನು ಬೇಗ ಮಾಡುವದಕ್ಕಾಗಿ ಹಾಫ್ಕಿನ್‌ರವರು ಮಾಡಿದ್ದ ಒಂದು ಮಾರ್ಪಾಟಿನ ಮೇಲೆ ದೋಷವನ್ನು ಹೊರಿಸಿದರು. ಅವರನ್ನು ಕೆಲಸದಿಂದ ನಿಲ್ಲಿಸಲಾಯಿತು. ಆದರೆ ನಡೆದ ಸಂಗತಿಯು ಬೇರೆಯಾಗಿತ್ತು. ಆ ದಿವಸ ಹಳ್ಳಿಯಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವ ಚಿಮಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಸುಡುವದಕ್ಕೆ ಬದಲಾಗಿ ಔಷಧದ ನೀರಿನಲ್ಲಿ ಅದ್ದಿ ಮಾತ್ರ ಉಪಯೋಗಿಸಿದರು. ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿರುವದು. ಸೀಸೆಯು ಪರೇಲಿನಿಂದ ಹೊರಟಾಗಲೇ ಅದರೊಳಗೆ ಕ್ರಿಮಿಯು ಇದ್ದಿದ್ದರೆ, ತಿಂಗಳಿಗೂ ಮೀರಿ ಮುಚ್ಚಿದ್ದ ಸೀಸೆಯನ್ನು ತೆರೆದ ಕೂಡಲೇ ದುರ್ವಾಸನೆಯು ಬರಬೇಕಾಗಿತ್ತು. ಅಂಥಾ ವಾಸನೆಯಿರಲಿಲ್ಲ. ಈ ಸಾಕ್ಷಿಯಿದ್ದರೂ ವರುಷಗಳು ಕಳೆದವು. 1904 ರಲ್ಲಿ ಅವರು ಭಾರತವನ್ನು ಬಿಟ್ಟು ಹೋದರು. ವಿಚಾರಣೆಯ ಕಾಗದಗಳು 1906 ರ ಕೊನೆಯ ತನಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿಲ್ಲ.

ಆ ಮೇಲೆ ಡಾಕ್ಟರ್ ಸಿಂಪ್ಸನ್‌ರವರೂ, ಮಲೇರಿಯಾದ ಸೊಳ್ಳೆಯನ್ನು ಕಂಡುಹಿಡಿದು ನೊಬೆಲ್ ಬಹುಮಾನವನ್ನು ಹೊಂದಿದ್ದ ರೊನಾಲ್ಡ್ ರಾಸ್‌ರವರೂ ಈ ಅನ್ಯಾಯವನ್ನು ಬಹಿರಂಗಪಡಿಸಿದರು. 1907 ರ ಜುಲೈ ತಿಂಗಳಲ್ಲಿ ಹತ್ತು ಮಂದಿ ವಿದ್ವಾಂಸರ ಸಹಿಯುಳ್ಳ ಪತ್ರವು ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಪಾರ್ಲಿಮೆಂಟಿನಲ್ಲಿಯೂ ಪ್ರಶ್ನೆಗಳು ಎದ್ದವು. ಆ ವರುಷದ ಕೊನೆಯಲ್ಲಿ ಸರಕಾರದವರು ಅವರಿಗೆ ಪುನಃ ಕೆಲಸವನ್ನು ಕೊಟ್ಟು ಕಲ್ಕತ್ತೆಗೆ ಕಳುಹಿಸಿದರು. ಆದರೆ ಅವರ ಕೈಯಿಂದ ಕಟ್ಟಲ್ಪಟ್ಟ ಪರೇಲಿನ ಕಾರ್ಯಾಲಯವು ತಿರಿಗಿ ಅವರಿಗೆ ಸಿಗಲಿಲ್ಲ. ಹೊಸ ಮದ್ದುಗಳನ್ನು ಜನರಲ್ಲಿ ಪರೀಕ್ಷಿಸುವದಕ್ಕೂ ಅಪ್ಪಣೆಯಿರಲಿಲ್ಲ. ಇದು ಒಬ್ಬ ಮನುಷ್ಯನ ನಷ್ಟವಷ್ಟೇ ಅಲ್ಲ. ತಪ್ಪು ಎಲ್ಲಿ ನಡೆಯಿತೆಂದು ಸರಕಾರದವರು ಬೇಗನೆ ಬಿಚ್ಚಿ ಹೇಳಿದ್ದರೆ ಜನರ ಭಯವು ಅಷ್ಟು ಬೇರೂರುತ್ತಿದ್ದಿಲ್ಲ. ಮದ್ದಿನ ಮೇಲಣ ನಂಬಿಕೆಯು ಕುಂದಿದ ಆ ವರುಷಗಳಲ್ಲಿಯೇ ಪ್ಲೇಗು ಪಂಜಾಬದ ಹಳ್ಳಿಗಳನ್ನು ಅತಿ ಕ್ರೂರವಾಗಿ ಬಡಿಯಿತು.

ಹಾಫ್ಕಿನ್‌ರವರು ಸುಮಾರು 55 ನೆಯ ವಯಸ್ಸಿನಲ್ಲಿ ಕೆಲಸದಿಂದ ನಿವೃತ್ತರಾಗಿ ಯುರೋಪಿಗೆ ಹಿಂತಿರುಗಿದರು. ಅವರು ಮದುವೆಯಾಗಿರಲಿಲ್ಲ. ಕಡೆಯ ವರುಷಗಳಲ್ಲಿ ತಮ್ಮ ಹಿರಿಯರ ಧರ್ಮವನ್ನು ಬಹು ಭಕ್ತಿಯಿಂದ ಅನುಸರಿಸುತ್ತಾ, ಕೂಡಿಸಿದ ಹಣವನ್ನು ಪೂರ್ವ ಯುರೋಪಿನ ಯೆಹೂದ್ಯ ಪಾಠಶಾಲೆಗಳಿಗೆ ಬರೆದಿಟ್ಟರು. 1930 ರ ಅಕ್ಟೋಬರ್ 26 ರಂದು ಸ್ವಿಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡರು. ಅದಕ್ಕೆ ಐದು ವರುಷ ಮುಂಚೆ, 1925 ರಲ್ಲಿ, ಪರೇಲಿನ ಕಾರ್ಯಾಲಯಕ್ಕೆ ಹಾಫ್ಕಿನ್ ಸಂಸ್ಥೆಯೆಂದು ಹೆಸರಿಟ್ಟಿದ್ದರು. ಅಷ್ಟರೊಳಗೆ ಅಲ್ಲಿಂದ ಎರಡೂವರೆ ಕೋಟಿಗಿಂತ ಹೆಚ್ಚು ಜನರಿಗೆ ಸಾಲುವಷ್ಟು ಪ್ಲೇಗಿನ ಮದ್ದು ಹೊರಟಿತ್ತು. 1964 ರಲ್ಲಿ ಸ್ವತಂತ್ರ ಭಾರತವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಇಂದು ಪ್ಲೇಗು ಬಂದರೆ ಗುಣಪಡಿಸುವ ಔಷಧಗಳಿವೆ. ಹಾಫ್ಕಿನ್‌ರವರ ಮದ್ದನ್ನು ಈಗ ಹಾಕುವದಿಲ್ಲ. ಆದರೆ 1897 ರ ಆ ಕಾನೂನು 2020 ರಲ್ಲಿ ಕೊರೋನಾ ಬಂದಾಗಲೂ ಉಪಯೋಗಕ್ಕೆ ಬಂತು. 2021 ರಲ್ಲಿ ಚುಚ್ಚುಮದ್ದು ಹಳ್ಳಿಗಳಿಗೆ ತಲಪಿದಾಗ ಹಳೆಯ ಭಯವೂ ಅದರ ಬೆನ್ನಿಗೇ ಬಂತು. ಸೂಜಿ ಹಾಕಿಸಿಕೊಂಡರೆ ಸಾವು ಬರುವದೆಂಬ ಸುದ್ದಿಯನ್ನು ಕೇಳಿ ಬಾಗಿಲು ಮುಚ್ಚಿಕೊಂಡವರು ಎಷ್ಟೋ ಊರುಗಳಲ್ಲಿದ್ದರು. ಅವರನ್ನು ಒಪ್ಪಿಸಿದ್ದು ಬಹಳ ಸಾರಿ ಕಾನೂನಲ್ಲ. ಪರಿಚಯದ ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದು ಆಡಿದ ಮಾತು, ತಾನು ಹಾಕಿಸಿಕೊಂಡು ಬಂದು ಜಗಲಿಯ ಮೇಲೆ ಸುಖವಾಗಿ ಕೂತಿದ್ದ ನೆರೆಯವನ ಮುಖ, ಇವೇ ಒಪ್ಪಿಸಿದವು.

ಪ್ರಿಯ ವಾಚಕರೇ, ಮುಂದೆ ಇನ್ನೊಂದು ಮಹಾಮಾರಿಯು ಬಾರದೆಂದು ಯಾರೂ ಹೇಳಲಾರರು. ಬಂದಾಗ ನಮ್ಮ ಊರಿನ ಉಪದೇಶಿಯೂ, ಶಾಲೆಯ ಗುರುವೂ, ಮನೆಯ ಹಿರಿಯರೂ ಏನು ಮಾಡುವರೆಂದು ಬಡವರು ನೋಡುತ್ತಾರೆ. ಮದ್ದು ಒಳ್ಳೆಯದೆಂದು ನಾವು ಬಲ್ಲವರಾದರೆ ಮೊದಲು ನಮ್ಮ ತೋಳನ್ನು ನೀಡೋಣ. ಹೆದರಿದವನನ್ನು ಹಳಿಯದೆ ಅವನ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಡೋಣ. ನಮ್ಮಲ್ಲಿ ಯಾರಾದರೂ ದಾದಿಯಾಗಿಯೋ ಸಹಾಯಕನಾಗಿಯೋ ಇದ್ದರೆ, ನೆಲಕ್ಕೆ ಬಿದ್ದ ಒಂದು ಚಿಮಟದಿಂದ 19 ಮನೆಗಳಲ್ಲಿ ಗೋಳು ಎದ್ದಿತೆಂಬದನ್ನು ಮರೆಯದೆ, ಯಾರೂ ನೋಡದಿರುವಾಗಲೂ ಚಿಕ್ಕ ಕಟ್ಟಳೆಯನ್ನು ಪೂರ್ಣವಾಗಿ ಕೈಕೊಳ್ಳಲಿ. ತಪ್ಪು ನಡೆದರೆ ಅದನ್ನು ಮುಚ್ಚದೆ ತಿಳಿಸಲಿ. ಒಂದು ಕೋಣೆಯಲ್ಲಿ ಮೂವರು ಆಳುಗಳೊಂದಿಗೆ ಕೋಟಿ ಜನರಿಗಾಗಿ ಕೆಲಸಕ್ಕೆ ಕೈಹಚ್ಚಿದ ಆ ಪರದೇಶಿಗೆ ನಮ್ಮ ಹಿರಿಯರು ಸಲ್ಲಿಸದೆ ಉಳಿದ ಕೃತಜ್ಞತೆಯನ್ನು ನಾವು ಈ ರೀತಿಯಲ್ಲಿ ಸಲ್ಲಿಸಬಹುದು.